ಕಳಸದ ಮೇಲಿನ ಚುಕ್ಕೆ

ಗೋದಾವರಿಯ ಚಿಂತೆ ಸಾಸಿವೆಕಾಳಿಗಿಂತ ಸಣ್ಣದು. ಪಲ್ಯಕ್ಕೆ ಉಪ್ಪು ಹೆಚ್ಚಾದದ್ದನ್ನೂ ಡೈರಿಯಲ್ಲಿ ಬರೆಯುವ ಹುಡುಗಿ, ಇದೊಂದನ್ನು ಮಾತ್ರ ಬರೆದಿರಲಿಲ್ಲ. ಬರೆದರೆ ಖರೇ ಆಗಿಬಿಡುತ್ತದೆ ಎಂಬ ಅಂಜಿಕೆ. ಆವತ್ತು ಮುಂಜಾನೆ ಹಾಸಿಗೆ ಮಡಿಚುತ್ತ, ತುಟಿ ಅಲುಗಿಸದೆ, ತನಗೆ ತಾನೇ ಒಪ್ಪಿಕೊಂಡಳು: 'ನನ್ನ ಕ್ಯಾಮೆರಾದೊಳಗ ಧೂಳು ಹೊಕ್ಕದ. ಊರ ಮಂದಿ ಕೈ ಮುಗೀಲಿಕತ್ತಿದ್ದು ಆ ಧೂಳಿಗೆ.'

ಕ್ಯಾಮೆರಾ ಪುಣೆಯ ಮುಕುಂದ ಮಾಮಾನದು. ಅವನು ಹೊಸದು ಕೊಂಡು, ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ಸೋದರಸೊಸೆಗೆ ಕೊಟ್ಟಿದ್ದ. ಕೊಡುವಾಗ ಹೇಳಿದ್ದು ಒಂದೇ ಮಾತು: "ಗಾಳ್ಯಾಗ ನಿಂತು ಲೆನ್ಸ್ ಬಿಚ್ಚಬ್ಯಾಡ." ಗೋದಾವರಿ ಲೆನ್ಸ್ ಬಿಚ್ಚಿದ್ದು ಬೇಸಿಗೆಯ ಸುಂಟರಗಾಳಿಯಲ್ಲಿ, ಕಲಬುರಗಿಯ ಜೇವರ್ಗಿ ಕಾಲೋನಿಯ ತಮ್ಮ ಮನೆಯ ಮಾಳಿಗೆ ಮೇಲೆ, ಪಕ್ಕದಲ್ಲಿ ತಾಯಿ ಅನಸೂಯಾಬಾಯಿ ಹಪ್ಪಳದ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ. ಅಂದಿನಿಂದ ಆಕಾಶದ ಫೋಟೋ ಯಾವುದೇ ತೆಗೆಯಲಿ, ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ. ಇಂಟರ್ನೆಟ್ ಸೆಂಟರಿನಲ್ಲಿ ಕೂತು ಓದಿ ತಿಳಿದುಕೊಂಡಳು. ಫಿಲ್ಮ್ ಇರಬೇಕಾದ ಜಾಗದಲ್ಲಿ ಸೆನ್ಸರ್ ಎಂಬ ಗಾಜಿನ ತುಂಡು ಇರುತ್ತದೆ, ಧೂಳು ಅದರ ಮೇಲೆ ಕೂತುಬಿಟ್ಟಿದೆ. ಮನೆಯೊಳಗಿನ ಫೋಟೋದಲ್ಲಿ ಕಾಣುವುದಿಲ್ಲ. ಬಿಸಿಲು ಹೆಚ್ಚೆಂದು ಲೆನ್ಸಿನ ಕಿಂಡಿ ಸಣ್ಣದು ಮಾಡಿದಷ್ಟೂ ಚುಕ್ಕೆ ಗಟ್ಟಿಯಾಗಿ ಎದ್ದು ಬರುತ್ತದೆ. ತೊಳೆಸಬೇಕೆಂದರೆ ಪುಣೆಗೆ ಕಳಿಸಬೇಕು. ಮಾಮಾನಿಗೆ ಯಾವ ಮುಖ ತೋರಿಸುವುದು? ನಾಳೆ ನೋಡೋಣವೆಂದು ಬಿಟ್ಟಳು.

ಅಷ್ಟರಲ್ಲಿ ಅವರ ಹಿರಿಯರ ಊರಾದ ಕಮಲಾಪುರದಲ್ಲಿ ವಿಠ್ಠಲ ಮಂದಿರಕ್ಕೆ ಹೊಸ ಕಳಸ ಇಡುವುದು ಬಂತು. ಮಂದಿರದ ಕಾರ್ಯದರ್ಶಿ ಗೋದಾವರಿಯ ಬಂಡು ಕಾಕಾ. "ಮನ್ಯಾಗ ಕ್ಯಾಮೆರಾ ಇಟಗೊಂಡು ಹೊರಗಿನವರನ್ನ ಯಾಕ ಕರೀಬೇಕು?" ಎಂದು ಆಕೆಯನ್ನೇ ನಿಲ್ಲಿಸಿದ. ಕಾಸಿದ ತಗಡಿನಂಥ ಆಕಾಶ. ಗೋದಾವರಿ ಕಿಂಡಿ ಆದಷ್ಟು ಸಣ್ಣದು ಮಾಡಿ ಒತ್ತಿದಳು.

ಕಳಸ ಕೂರುವ ಹೊತ್ತಿಗೆ ಮೇಲೆ ಗರುಡ ಬಂದು ಸುತ್ತು ಹಾಕಿದರೆ ದೇವರು ಒಪ್ಪಿಕೊಂಡ ಎಂದು ಅವರಲ್ಲಿ ನಂಬಿಕೆ. ಎಲ್ಲರೂ ಕತ್ತು ಎತ್ತಿ ಕಾದರು. ಆಕಾಶ ತಿಕ್ಕಿ ಬೋರಲು ಹಾಕಿದ ಪಾತ್ರೆಯ ಹಾಗೆ ಖಾಲಿ ಇತ್ತು. ಆಗ ಬಂಡು ಕಾಕಾನ ಸೋದರತ್ತೆ ಸಕ್ಕೂಬಾಯಿ ಕೈ ಎತ್ತಿ ಕೂಗಿದಳು: "ಬಂದಾನ ನೋಡ್ರೋ, ಗರುಡ ಬಂದಾನ."

"ಎಲ್ಲಿ ಆತ್ಯಾ? ಅಲ್ಲಿ ಕಾಗೀನೂ ಇಲ್ಲ," ಎಂದ ಬಂಡು ಕಾಕಾ. ಮಂದಿ ನಕ್ಕರು.

ಆ ನಗೆ ಸಾದಾ ನಗೆಯಲ್ಲ. ಗಂಡ ಹೋದಂದಿನಿಂದ ಮಂದಿರದ ಬಾಗಿಲು ತೆಗೆದು ದೀಪ ಹಚ್ಚುವವಳು ಸಕ್ಕೂ ಅಜ್ಜಿಯೇ. ಕೀಲಿಕೈ ಆಕೆಯ ಸೊಂಟದಲ್ಲಿ. ಇತ್ತೀಚೆಗೆ ಎಣ್ಣೆಯನ್ನು ಹಣತೆಗೆ ಹಾಕದೆ ಪಕ್ಕಕ್ಕೆ ಸುರಿಯುತ್ತಿದ್ದಳು, ಒಮ್ಮೆ ದೇವರ ಪರದೆಯ ಅಂಚು ಸುಟ್ಟಿತ್ತು. ಮುದುಕಿಗೆ ಕಣ್ಣು ಹೋಗ್ಯಾವ, ಕೀಲಿಕೈ ಇಸಕೊಳ್ಳೋಣ ಎಂದು ಪಂಚರು ಆಗಲೇ ಮಾತಾಡಿಕೊಂಡಿದ್ದರು. ಇಲ್ಲದ ಗರುಡನನ್ನು ಕಂಡದ್ದಕ್ಕೆ ಅದು ಪಕ್ಕಾ ಆಯಿತು.

ಆಮೇಲೆ ಫೋಟೋ ಬಂತು. ಕಳಸದ ಮೇಲೆ, ಬಲಕ್ಕೆ, ಒಂದು ಕಪ್ಪು ಚುಕ್ಕೆ.

ಬಂಡು ಕಾಕಾ ಕನ್ನಡಕ ಒರೆಸಿಕೊಂಡು ನೋಡಿದ. ಚಾಳೀಸು ತಗಲಿದ ಪಂಚರೆಲ್ಲ ನೋಡಿದರು. ಪಡಸಾಲೆಯ ನಡುವೆಯೇ ಕಾಕಾ ಅತ್ತೆಯ ಕಾಲಿಗೆ ಬಿದ್ದ. "ನಮಗ ಕಾಣಲಿಲ್ಲ ಆತ್ಯಾ, ನಿಮಗ ಕಂಡ್ತು." ಕೀಲಿಕೈ ಸೊಂಟದಲ್ಲೇ ಉಳಿಯಿತು. ಗೋದಾವರಿ 'ಕಾಕಾ, ಅದು...' ಎಂದು ಬಾಯಿ ತೆರೆದಳು. ಅಜ್ಜಿಯ ಮುಖ ನೋಡಿ ಮುಚ್ಚಿದಳು. ಆಗ ಮುಚ್ಚಿದ್ದು ಇನ್ನೂ ಮುಚ್ಚಿಯೇ ಇತ್ತು.

ಹಾಸಿಗೆ ಮಡಿಚಿ ಮುಗಿಯುವುದರೊಳಗೆ ಬಾಗಿಲಲ್ಲಿ ಬಂಡು ಕಾಕಾನ ಧ್ವನಿ.

"ಗೋದಾ, ಲಗೂ ತಯಾರಾಗು. ಇವತ್ತ ಸಂಜಿ ಆರತಿಗೆ ಫೋಟೋ ದೊಡ್ಡದು ಮಾಡಿಸಿ ಮಂದಿರದಾಗ ಹಾಕೋದು. ನೀನೂ ಬರಬೇಕು. ಮೈಕಿನ್ಯಾಗ ಎರಡು ಮಾತು ಆಡಬೇಕು."

"ನಾನಾ? ಮೈಕಿನ್ಯಾಗಾ?"

"ಮತ್ತ ಗರುಡ ಬಂದು ಆಡ್ತದೇನು?"

"ಕಾಕಾ, ಖರೇ ನೋಡಿದ್ರ ಅದು..."

"ಖರೇ ನೋಡಿದ್ರ ಅದು ನಿನ್ನ ಪುಣ್ಯ. ನಡಿ."

ಅನಸೂಯಾಬಾಯಿ ಒಳಗಿನಿಂದಲೇ ಅಂದಳು: "ಚಲೋ ಸೀರಿ ಉಟಗೋ. ವರನ ಕಡೆಯವರೂ ಬರ್ತಾರ ಅಂಥಲ್ಲಿ."

ಮನೆ ಮುಂದೆ ಪಕ್ಕದ ಮನೆಯ ರಾಘವೇಂದ್ರರಾಯರ ಮಾರುತಿ ವ್ಯಾನು ನಿಂತಿತ್ತು. ರಾಯರು ನಿವೃತ್ತ ವಿಜ್ಞಾನ ಮಾಸ್ತರು, ಅವರೂ ಕಮಲಾಪುರದವರೇ, ಮಂದಿರದ ಅಧ್ಯಕ್ಷರು. ಕಾಲೋನಿಯ ಯಾವ ಯಂತ್ರ ಕೆಟ್ಟರೂ ಕರೆಯದೆ ಬಂದು ಬಿಚ್ಚುವವರು. ಅನಸೂಯಾಬಾಯಿಯ ಮಿಕ್ಸರ್ ಅವರ ಕೈ ತಾಗಿದ ಮೇಲೆ ತಿರುಗುತ್ತದೆ, ರುಬ್ಬುವುದಿಲ್ಲ.

"ನಿಂದು ಎಷ್ಟು ಮೆಗಾಪಿಕ್ಸೆಲ್ ಅದ?" ಗೇರ್ ಹಾಕುತ್ತ ಕೇಳಿದರು.

"ಆರು ರೀ ಕಾಕಾ."

"ನಮ್ಮ ಅಳಿಯನ ಮೊಬೈಲಿನ್ಯಾಗ ಎರಡದಾವ. ಆದ್ರ ಅದರಾಗ ಮಾತೂ ಆಡಬಹುದು. ಲೆನ್ಸ್ ಎಲ್ಲೀದು? ಜಪಾನಾ? ಜಪಾನಿಂದು ಆದ್ರ ದೂರದ ಪಕ್ಷಿ ಹಿಡೀತದ. ಬ್ಯಾರೇದಾಗ ಗರುಡ ಬಂದಿದ್ರೂ ಬರ್ತಿರಲಿಲ್ಲ."

ಗೋದಾವರಿ ಹೂಂ ಅಂದಳು. ಹೂಂ ಅನ್ನುವುದು ಆಕೆಗೆ ಉಸಿರಾಡುವಷ್ಟು ಸಲೀಸು.

ಸೇಡಂ ರಸ್ತೆಯಲ್ಲಿ ಶಬ್ಬೀರ್ ಚಾಚಾನ ಸ್ಟುಡಿಯೋ. ಚಾಚಾ ಕಪಟವಿಲ್ಲದ ಮನುಷ್ಯ. ಯಾರ ಮುಖವನ್ನೂ ಇದ್ದಂತೆ ಮನೆಗೆ ಕಳಿಸಿದವನಲ್ಲ. ಮದುಮಗಳು ಕಪ್ಪಿದ್ದರೆ ಬಿಳುಪು, ಮದುಮಗನ ತಲೆ ಬೋಳಿದ್ದರೆ ಕೂದಲು, ಗ್ರೂಪ್ ಫೋಟೋದಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ ಪಕ್ಕದವರ ಕಣ್ಣನ್ನೇ ಎರವಲು ತಂದು ಕೂರಿಸುವವನು. ಎಲ್ಲವೂ ಕಂಪ್ಯೂಟರಿನಲ್ಲಿ, ಎಲ್ಲವೂ ಪ್ರೀತಿಯಿಂದ. ಬಾಗಿಲಷ್ಟು ದೊಡ್ಡ ಫ್ರೇಮಿನ ಮೇಲಿನ ಬಟ್ಟೆ ಸರಿಸಿದ.

ಗೋದಾವರಿ ಒಂದು ಹೆಜ್ಜೆ ಹಿಂದೆ ಸರಿದಳು.

ಧೂಳಿಗೆ ರೆಕ್ಕೆ ಬಂದಿದ್ದವು. ಬರೀ ರೆಕ್ಕೆಯಲ್ಲ, ಬಿಳಿಯ ಎದೆ, ಇಟ್ಟಿಗೆ ಬಣ್ಣದ ಮೈ, ಬಾಗಿದ ಕೊಕ್ಕು. ಕಣ್ಣು ಕೂಡ ಇತ್ತು, ಮತ್ತು ಆ ಕಣ್ಣು ನೇರ ಗೋದಾವರಿಯನ್ನೇ ನೋಡುತ್ತಿತ್ತು.

"ಜರಾ ಮಬ್ಬಿತ್ತು ಬೇಟಿ," ಎಂದ ಚಾಚಾ ನಾಚಿಕೊಂಡು. "ದೂರದಿಂದ ಹೊಡದಿ ಅಲ್ಲ, ಪಕ್ಷಿ ಸಾಫ್ ಬಂದಿರಲಿಲ್ಲ. ನಾ ಸ್ವಲ್ಪ ಕ್ಲಿಯರ್ ಮಾಡೀನಿ. ಬಾಕಿ ಎಲ್ಲ ನಿಂದೇ ಕಮಾಲ್."

"ಚಾಚಾ, ಆದ್ರ ಅಲ್ಲಿ ಖರೇ..."

"ಖರೇ ಇದ್ದದ್ದನ್ನ ತೋರಸೋದೇ ನಮ್ಮ ಧಂದೆ ಬೇಟಿ."

ಬಂಡು ಕಾಕಾ ಫ್ರೇಮಿನ ಮುಂದೆ ಕೈ ಮುಗಿದು ನಿಂತಿದ್ದ. ಅವನ ಕಣ್ಣಲ್ಲಿ ನೀರು. ಇಂಥ ಹೊತ್ತಿನಲ್ಲಿ ಧೂಳು ಎಂಬ ಶಬ್ದವನ್ನು ಯಾವ ಬಾಯಿಂದ ತೆಗೆಯುವುದು? ಗೋದಾವರಿ ಫ್ರೇಮಿನ ಒಂದು ತುದಿ ಹಿಡಿದು ವ್ಯಾನಿಗೆ ಹತ್ತಿಸಿದಳು. ದಾರಿಯುದ್ದಕ್ಕೂ ಗರುಡ ಹಿಂದಿನ ಸೀಟಿನಲ್ಲಿ ಆಕೆಯ ಮಗ್ಗುಲಿಗೆ ಕೂತು ಬಂತು.

ಮಹಾಗಾಂವ ಕ್ರಾಸಿನಲ್ಲಿ ಚಹಾಕ್ಕೆ ನಿಂತರು. ರಸ್ತೆ ಬದಿ ತೊಗರಿ ರಾಶಿ ನಡೆದಿತ್ತು, ಹೊಟ್ಟು ಗಾಳಿಯಲ್ಲಿ ತೇಲುತ್ತಿತ್ತು. ಒಲೆಯ ಮೇಲಿನ ಚಹಾ ಕುದಿಯುವಾಗ ಗೋದಾವರಿಯ ಧೈರ್ಯಕ್ಕೂ ಒಂದು ಕುದಿ ಬಂತು. ಪೂರಾ ಸತ್ಯ ಹೇಳಲು ಆಗದಿದ್ದರೆ ಒಂದು ತುದಿಯನ್ನಾದರೂ ಹೇಳೋಣವೆಂದುಕೊಂಡಳು. ಬಾಕಿಯದನ್ನು ಅವರೇ ಅರ್ಥ ಮಾಡಿಕೊಳ್ಳಲಿ. ವಿಜ್ಞಾನ ಮಾಸ್ತರಲ್ಲವೇ.

"ರಾಯರ ಕಾಕಾ, ನನ್ನ ಕ್ಯಾಮೆರಾದೊಳಗ ಸ್ವಲ್ಪ ಧೂಳು ಹೋಗ್ಯದ ರೀ. ಫೋಟೋದಾಗ ಚುಕ್ಕಿ ಬರ್ತದ."

"ಇಷ್ಟಕ್ಕ ಮುಖ ಸಣ್ಣ ಮಾಡಿಯೇನು? ತಾ ಇಲ್ಲಿ."

"ಬ್ಯಾಡ್ರಿ ಕಾಕಾ, ಇಲ್ಲಿ ಹೊಟ್ಟು..."

ಅಷ್ಟರಲ್ಲಿ ಬಿಚ್ಚಿದ ಲೆನ್ಸ್ ಚಹಾದ ಬೆಂಚಿನ ಮೇಲೆ ಕೂತಿತ್ತು. ರಾಯರು ಕ್ಯಾಮೆರಾವನ್ನು ಕೂಸಿನ ಹಾಗೆ ಎದೆಗಾನಿಸಿಕೊಂಡು ಒಳಗೆ ಇಣುಕಿದರು. "ಒಳಗ ಕನ್ನಡಿ ಅದ. ಕನ್ನಡಿ ಅಂದ್ರ ಒರಸಲಿಕ್ಕೇ ಇರೋದು." ಬಾಯಲ್ಲಿದ್ದ ಅಡಕೆಯನ್ನು ಒಂದು ಕಡೆಗೆ ಸರಿಸಿ ಉಫ್ ಎಂದು ಊದಿದರು. ಸರಿಸಿದ ಅಡಕೆ ಸರಿದಲ್ಲಿ ಉಳಿಯಲಿಲ್ಲ. ಆಮೇಲೆ ಕರವಸ್ತ್ರ ತೆಗೆದು ಒರೆಸಿದರು. ರಾಯರು ದಿನವಿಡೀ ನಶ್ಯ ಏರಿಸುವವರು. ಕರವಸ್ತ್ರ ಹುಟ್ಟುವಾಗ ಯಾವ ಬಣ್ಣದ್ದಿತ್ತೋ ಅದನ್ನು ಒಗೆಯುವವರೂ ಮರೆತಿದ್ದರು. ಮುಚ್ಚುವ ಮೊದಲು ಕ್ಯಾಮೆರಾದ ಬದಲು ತಾವೇ ಒಂದು ಸಲ ಸೀನಿದರು, ಅದರೊಳಕ್ಕೇ.

"ಈಗ ಹೊಡಿ ನೋಡು."

ಗೋದಾವರಿ ಆಕಾಶಕ್ಕೆ ಹಿಡಿದು ಒತ್ತಿದಳು. ಒಳಗಿನ ಕನ್ನಡಿ ಮೇಲೆದ್ದಿತು, ಅದರ ಮೇಲಿದ್ದದ್ದೆಲ್ಲ ಹಿಂದಿನ ಸೆನ್ಸರಿಗೆ ಹಾರಿತು. ಹಿಂದಿನ ಪುಟ್ಟ ಪರದೆಯಲ್ಲಿ ಮಹಾಗಾಂವದ ಆಕಾಶ ಸಾಸಿವೆ ಒಗ್ಗರಣೆ ಹಾಕಿದ ಹಾಗೆ ಕಾಣಿಸಿತು. ಹಳೆಯ ಚುಕ್ಕೆ ತನ್ನ ಮೂಲೆಯಲ್ಲಿ ಹಿರಿಯನಂತೆ ಕೂತಿತ್ತು. ಸುತ್ತ ಅದರ ಪರಿವಾರ.

"ಹ್ಯಾಂಗದ?" ಎಂದರು ರಾಯರು.

"ಚಲೋ ಅದ ರೀ," ಎಂದಳು ಗೋದಾವರಿ. ಈ ಒಂದು ಸುಳ್ಳಿಗೆ ಇಡೀ ದಿನ ಬೆಲೆ ತೆರಬೇಕಾಗುತ್ತದೆಂದು ಹೇಳಿದ ಮರುಗಳಿಗೆಯೇ ಗೊತ್ತಾಯಿತು.

ಕಮಲಾಪುರದಲ್ಲಿ ವ್ಯಾನು ನಿಲ್ಲುವಷ್ಟರಲ್ಲೇ ಅಣವೀರಪ್ಪ ಅಡ್ಡ ಬಂದ. ಕೆಂಪು ಬಾಳೆಯ ವ್ಯಾಪಾರಿ, ಕಳಸಕ್ಕೆ ತಾಮ್ರ ಕೊಡಿಸಿದವನು. ಗರುಡನ ಸುದ್ದಿ ಕೇಳಿದಂದಿನಿಂದ ಅವನಿಗೆ ಒಂದೇ ಹಂಬಲ.

"ತಂಗೀ, ನಾವು ಶಿವನ ಮಂದಿ ಖರೆ. ಆದ್ರ ಗರುಡಗೇನು ಆ ಭೇದ ಇರ್ತದ? ನಮ್ಮ ತ್ವಾಟದ ಮ್ಯಾಲೂ ಒಂದ್ಸಲ ಬರ್ತಾನೇನು ನೋಡವ್ವ. ತಾಮ್ರ ಕೊಟ್ಟೀನಿ ಅಂತ ಹೇಳು."

"ಯಾರಿಗೆ ರೀ?"

"ಅಂವಗ."

ತೋಟಕ್ಕೆ ಹೋದ ಮೇಲೆ ಬಂಡು ಕಾಕಾ ಕಣ್ಣಿನಲ್ಲೇ 'ಹೊಡಿ' ಎಂದ. ಗೋದಾವರಿ ಕಿಂಡಿ ಅಗಲ ಮಾಡಿದರೆ ಚುಕ್ಕೆಗಳು ಅಡಗುತ್ತವೆಂದು ಗುಂಡಿ ತಿರುಗಿಸಹೋದಳು. ಆ ಬಿಸಿಲಿಗೆ ಫೋಟೋ ಪೂರಾ ಬೆಳ್ಳಗಾಗಿ ಬಂತು. ತಿರುಗಿ ಸಣ್ಣದು ಮಾಡದೆ ಗತಿಯಿರಲಿಲ್ಲ. ಬಾಳೆಯ ಗಿಡಗಳ ಮೇಲೆ, ಆಕಾಶದಲ್ಲಿ, ಅಡಕೆ, ನಶ್ಯ, ತೊಗರಿಹೊಟ್ಟು ಒಟ್ಟಾಗಿ ಪ್ರತ್ಯಕ್ಷವಾದವು.

ಅಣವೀರಪ್ಪನ ಹೆಂಡತಿ ಕಸ್ತೂರಿಬಾಯಿ ಪರದೆಗೆ ಮೂಗು ತಾಗಿಸಿ ನೋಡಿದಳು. "ಅಯ್ಯ ಶಿವನೆ. ಗುಡಿಗೆ ಒಬ್ಬನೇ ಬಂದಿದ್ದ. ನಮ್ಮ ತ್ವಾಟಕ್ಕ ಸಂಸಾರ ಕಟಗೊಂಡು ಬಂದಾನ."

"ಹಣ್ಣಿನ ವಾಸನಿಗೆ," ಎಂದ ಅಣವೀರಪ್ಪ, ಎದೆ ಒಂದು ಗೇಣು ಮುಂದೆ ಬಂದು.

ಮುಂದೆ ಹೇಳುವುದೇನು, ಸುದ್ದಿ ಓಣಿಯಲ್ಲಿ ಹರಿದು ಮಂದಿ ಸಾಲುಗಟ್ಟಿದರು. ಒಬ್ಬರಿಗೆ ಮನೆ ಮೇಲೆ ಗರುಡ ಬೇಕು, ಒಬ್ಬರಿಗೆ ಹೊಸ ಟ್ರ್ಯಾಕ್ಟರಿನ ಮೇಲೆ. ಒಬ್ಬಾಕೆ ಸೊಸೆಯನ್ನು ನಿಲ್ಲಿಸಿ, "ಆಕಿ ಮ್ಯಾಲೆ ಬಂದಿದ್ದು ಅಳಸಿ ನನ್ನ ಮ್ಯಾಲೆ ಹಾಕು," ಎಂದಳು. ಕಸ್ತೂರಿಬಾಯಿ ಪ್ರತಿ ಫೋಟೋ ನೋಡಿ ತೀರ್ಪು ಕೊಡತೊಡಗಿದಳು. ತಮ್ಮ ಮನೆ ಮೇಲಿನವು ಗರುಡ, ಗೋಡೆಗಾಗಿ ಕೋರ್ಟಿಗೆ ಹೋದ ಪಕ್ಕದ ಮನೆಯವರ ಮೇಲಿನವು ಕಾಗೆ. ಎರಡೂ ಒಂದೇ ಚುಕ್ಕೆಗಳೆಂದು ಬಲ್ಲವಳು ಗೋದಾವರಿ ಒಬ್ಬಳೇ. ಆಕೆ ಒಮ್ಮೆ "ಎಲ್ಲಾದರಾಗೂ ಒಂದೇ ಜಾಗಾದಾಗ ಬರ್ಲಿಕತ್ತಾವಲ್ಲ ರೀ," ಎಂದು ಸುಳಿವು ಕೊಟ್ಟಳು.

"ಅದಕ್ಕೇ ಅವಕ್ಕ ದೇವರ ಪಕ್ಷಿ ಅಂತಾರ," ಎಂದರು ರಾಯರು. "ಶಿಸ್ತು ಇರ್ತದ."

ಸಂಜೆ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗರ್ಭಗುಡಿಯ ಪಕ್ಕದ ಗೋಡೆಗೆ ಫ್ರೇಮು ಏರಿತ್ತು. ಬಟ್ಟೆ ಸರಿಸಿದಾಗ ಎದ್ದ ಉದ್ಗಾರಕ್ಕೆ ದೀಪಗಳೇ ಅಲುಗಿದವು. ರಾಯರು ಮುಂದೆ ಬಂದು, ಸಕ್ಕೂಬಾಯಿಯವರ ಕಣ್ಣಿನ ಬಗ್ಗೆ ಅನುಮಾನ ಪಟ್ಟಿದ್ದಕ್ಕೆ ಪಂಚರೆಲ್ಲ ನಾಚಿದ್ದೇವೆ, ಜೀವ ಇರುವ ತನಕ ಕೀಲಿಕೈ ಅವರದೇ ಎಂದು ಸಾರಿದರು. ಚಪ್ಪಾಳೆ ಬಿತ್ತು.

ಗೋದಾವರಿ ಕಂಬಕ್ಕೆ ಒರಗಿ ಅಜ್ಜಿಯನ್ನು ನೋಡಿದಳು. ಮುದುಕಿ ಜರಿಯಂಚಿನ ಹಳೆಯ ಸೀರೆಯುಟ್ಟು, ಸೊಂಟದ ಕೀಲಿಕೈ ಮೇಲೆ ಕೈ ಇಟ್ಟುಕೊಂಡು, ಮದುವೆ ಮನೆಯ ಬೀಗಿತಿಯ ಹಾಗೆ ಕೂತಿತ್ತು. ಇರಲಿ ಬಿಡು, ಎಂದುಕೊಂಡಳು. ಒಂದು ಧೂಳಿನ ಕಣ ಒಬ್ಬ ಮುದುಕಿಗೆ ಇಷ್ಟು ಮಾಡಿತಲ್ಲ, ನನ್ನ ಎಷ್ಟೋ ಚಲೋ ಫೋಟೋಗಳು ಯಾರಿಗೂ ಏನೂ ಮಾಡಿಲ್ಲ. ಈ ಗುಟ್ಟು ನನ್ನ ಸಂಗಾಟೇ ಹೋಗಲಿ.

ಬಂಡು ಕಾಕಾ ಆಕೆಯ ಕೈಗೆ ಮೈಕು ತುರುಕಿದ. "ಎರಡು ಮಾತು, ಅಂಜಬ್ಯಾಡ." ಮೈಕು ಮಾತಾಡಲಿಲ್ಲ. ಕಾಕಾ ಹಲೋ ಹಲೋ ಅಂದ, ತಟ್ಟಿದ, "ವೈರು ಸಡಲ್ಯದ, ನಿಂದರು," ಎಂದು ಹೊರಗಿನ ಡಬ್ಬಿಯ ಕಡೆ ಓಡಿದ. ಗೋದಾವರಿ ಸತ್ತ ಮೈಕು ಹಿಡಿದು ಅಜ್ಜಿಯ ಪಕ್ಕ ನಿಂತಳು. ಅಜ್ಜಿ ಆಕೆಯ ಸೆರಗು ಜಗ್ಗಿ ಹತ್ತಿರ ಬಗ್ಗಿಸಿಕೊಂಡಿತು.

"ಗೋದಾ, ನಿನಗೊಂದು ಹೇಳ್ತೀನಿ, ಯಾರಿಗೂ ಹೇಳಬ್ಯಾಡ. ಅಂವ ಇನ್ನೂ ಹೋಗಿಲ್ಲ."

"ಯಾರು ಅಜ್ಜಿ?"

"ಗರುಡ. ಅವತ್ತಿಂದ ನನ್ನ ಬಿಟ್ಟು ಹೋಗೇ ಇಲ್ಲವಾ. ಗ್ವಾಡಿ ನೋಡಿದ್ರ ಗ್ವಾಡಿ ಮ್ಯಾಲೆ ಹಾರ್ತಾನ, ಅನ್ನ ನೋಡಿದ್ರ ಅನ್ನದ ಮ್ಯಾಲೆ ಹಾರ್ತಾನ. ಎಡಗಣ್ಣು ಮುಚ್ಚಿಕೊಂಡ್ರ ಅಷ್ಟೇ ಮಾಯ ಆಗ್ತಾನ. ಈಗೀಗ ಮರಿ ಬ್ಯಾರೆ ಆಗ್ಯಾವ, ಸಣ್ಣ ಸಣ್ಣವು. ನಿನ್ನೆಯಿಂದ ಕಣ್ಣಿನ ಬಾಜೂಕ ಮಿಂಚು ಹೊಡದಂಗ ಬೆಳಕು ಬರ್ಲಿಕತ್ತದ. ಪಾಂಡುರಂಗಂದೇ ಅದು."

ಗೋದಾವರಿ ಇನ್ನೂ ಬಗ್ಗಿ ಅಜ್ಜಿಯ ಎಡಗಣ್ಣು ನೋಡಿದಳು.

"ಅಜ್ಜಿ, ಡಾಕ್ಟರಿಗೆ ತೋರಿಸಿದಿಯೇನು?"

"ಮೊದಲು ನನಗೂ ಅಂಜಿಕಿ ಇತ್ತು," ಎಂದಿತು ಅಜ್ಜಿ, ನಕ್ಕು. "ಇದು ಕಣ್ಣಿನ ಬ್ಯಾನಿ ಇರಬೇಕು, ಕಲಬುರಗಿ ದವಾಖಾನಿಗೆ ಹೋಗಬೇಕು ಅಂತ ಬಂಡೂಗ ಹೇಳಾವಳಿದ್ದೆ. ಅಷ್ಟರಾಗ ನಿನ್ನ ಫೋಟೋ ಬಂತು ನೋಡು. ಬ್ಯಾನಿ ಇದ್ರ ಫೋಟೋದಾಗ ಹ್ಯಾಂಗ ಬರ್ತದ, ನೀನೇ ಹೇಳು. ನೀ ಬದುಕಿಸಿದಿ ನನ್ನ. ಇನ್ನ ದವಾಖಾನಿ ಯಾಕ ಬೇಕು?"

ಎರಡು ಹೂಬತ್ತಿಗಳ ಬೆಳಕು ಅಜ್ಜಿಯ ಮುಖದ ಮೇಲಿತ್ತು. ಬಲಗಣ್ಣು ಗೋದಾವರಿಯನ್ನು ನೋಡುತ್ತಿತ್ತು. ಎಡಗಣ್ಣು ಆಕೆಯ ಭುಜದ ಆಚೆ, ಅಲ್ಲಿಲ್ಲದ ಯಾವುದನ್ನೋ ಪ್ರೀತಿಯಿಂದ ಹಿಂಬಾಲಿಸುತ್ತಿತ್ತು.

ಕಿರ್ರ್ ಎಂದು ಮೈಕಿಗೆ ಜೀವ ಬಂತು. "ಹೂಂ, ಈಗ ಮಾತಾಡು," ಎಂದು ಬಾಗಿಲಿಂದ ಕಾಕಾ ಕೈ ಮಾಡಿದ. ರಾಯರು ತಮ್ಮ ನಶ್ಯದ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ತಯಾರಾದರು. ಅಣವೀರಪ್ಪ ಬಾಳೆಹಣ್ಣಿನ ಗೊನೆ ಎತ್ತಿಕೊಂಡು ಮುಂದೆ ಬಂದ, ಸನ್ಮಾನಕ್ಕೆ. ಕಸ್ತೂರಿಬಾಯಿ ಎಲ್ಲರಿಗೂ ಸುಮ್ಮನಿರಲು ಹೇಳಿದಳು. ಅಷ್ಟು ಮಂದಿ ಒಟ್ಟಾಗಿ ತನ್ನ ಮುಖ ನೋಡಿದ್ದು ಗೋದಾವರಿಯ ಜನ್ಮದಲ್ಲಿ ಅದೇ ಮೊದಲು.

ಮೈಕು ಚಾಲೂ ಇದೆ ಎಂದು ಆಕೆಗೆ ಗೊತ್ತಿತ್ತು. ಬೇವಿನ ಮರಕ್ಕೆ ಕಟ್ಟಿದ ಸ್ಪೀಕರು ಬಸ್ ಸ್ಟ್ಯಾಂಡಿನ ತನಕ ಮುಟ್ಟುತ್ತದೆಂದೂ ಗೊತ್ತಿತ್ತು. ಇನ್ನೊಂದು ಗಳಿಗೆಗೆ ಅಜ್ಜಿಯ ಸೊಂಟದ ಕೀಲಿಕೈ ಪಂಚರ ಕೈಗೆ ಹೋಗುತ್ತದೆ, ಕಾಕಾ ವರ್ಷಗಟ್ಟಲೆ ಮಾತಾಡಿಸುವುದಿಲ್ಲ, ರಾತ್ರಿಯ ಬಸ್ಸಿಗೆ ತಾನೊಬ್ಬಳೇ ಮನೆಗೆ ಹೋಗಬೇಕಾಗುತ್ತದೆ. ಇಲ್ಲ, ಒಬ್ಬಳೇ ಅಲ್ಲ. ಅಜ್ಜಿಯನ್ನೂ ಕಲಬುರಗಿ ದವಾಖಾನೆಗೆ ಕರೆದುಕೊಂಡು ಹೋಗಬೇಕು.

ಮಂದಿಯ ಕಡೆ ಬೆನ್ನು ಮಾಡಿ ಕೆಳಗೆ ಕೂತಳು. ಅಜ್ಜಿಯ ಒಣಗಿದ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಮೈಕನ್ನು ಬಾಯಿಂದ ದೂರ ಸರಿಸಲಿಲ್ಲ.

"ಗರುಡ ಬಂದಿರಲಿಲ್ಲ ಅಜ್ಜಿ," ಎಂದಳು. "ನನ್ನ ಕ್ಯಾಮೆರಾದಾಗೂ ಬಂದಿರಲಿಲ್ಲ, ನಿನ್ನ ಕಣ್ಣಾಗೂ ಬಂದಿರಲಿಲ್ಲ."